ಡಬ್ಬಿ ತಳದ ಬ್ರೌನಿ

ಬೆಂಗಳೂರಿನ ಬಾಡಿಗೆ ಮನೆಗಳ ಅಡುಗೆಮನೆಯಲ್ಲಿ ಕೈಗೆ ಎಟುಕದ ಒಂದು ಮೇಲಿನ ಕಪಾಟು ಇದ್ದೇ ಇರತ್ತೆ. ಅಲ್ಲಿಗೆ ಹತ್ತಿದ ಸಾಮಾನು ಕೆಳಗಿಳಿಯೋದು ಮನೆ ಖಾಲಿ ಮಾಡುವಾಗಲೇ. ಯಾವುದೋ ಭಾನುವಾರ ವಿಡಿಯೋ ನೋಡಿ ಹುರುಪಿನಿಂದ ತರಿಸಿದ ಓಟ್ಸು, ಒಂದೇ ಸಲ ಮುಚ್ಚಳ ತೆಗೆದ ವೆನಿಲ್ಲಾ ಎಸೆನ್ಸು, ಯಾರೋ ದುಬೈಯಿಂದ ತಂದುಕೊಟ್ಟ ಖರ್ಜೂರ, ದೀಪಾವಳಿ ಗಿಫ್ಟ್ ಬಾಕ್ಸಿನ ಗೋಡಂಬಿ, ಬಟ್ಟೆ ಕ್ಲಿಪ್ ಹಾಕಿ ಮಡಚಿಟ್ಟ ಅರ್ಧ ಪ್ಯಾಕೆಟ್ ಮೈದಾ. ನಿಮ್ಮ ಮನೆಯಲ್ಲೂ ಉಂಟು, ಇಲ್ಲ ಅನ್ನಬೇಡಿ ಮಾರಾಯ್ರೆ.

ನಮ್ಮನೆಯಲ್ಲಿ ಇದರ ಜೊತೆಗೆ ಒಂದು ಓಟಿಜಿ ಬೇರೆ. 2020ರ ಲಾಕ್‌ಡೌನಿನಲ್ಲಿ ಇಡೀ ಐಟಿ ಜನಾಂಗ ಬೇಕರಿಯವರಾಗಲು ಹೊರಟಿತ್ತಲ್ಲ, ಆಗ ತಗೊಂಡದ್ದು. ಆರು ತಿಂಗಳು ಬನಾನಾ ಬ್ರೆಡ್ಡು ಮಾಡಿದೆವು. ಆಮೇಲೆ ಮೂರು ವರ್ಷ ಅದರ ನೆತ್ತಿ ಮೇಲೆ ಈರುಳ್ಳಿ ಬುಟ್ಟಿ, ಹೊಟ್ಟೆಯೊಳಗೆ ಹಳೇ ಬಾಣಲೆಗಳು.

2024ರ ಏಪ್ರಿಲ್ ಎರಡನೇ ವಾರ ನನ್ನ ಕೆಲಸ ಹೋಯ್ತು. ಹನ್ನೊಂದು ನಿಮಿಷದ ಒಂದು ವಿಡಿಯೋ ಕಾಲ್. ಎಚ್‌ಆರ್ ಎದುರಿಗಿದ್ದ ಕಾಗದ ನೋಡಿಕೊಂಡು ಓದಿದರು, ಮ್ಯಾನೇಜರ್ ಕ್ಯಾಮೆರಾ ಆಫ್ ಇತ್ತು. ನಾಲ್ಕನೇ ದಿನ ಕೊರಿಯರ್ ಹುಡುಗ ಬಂದು ಲ್ಯಾಪ್‌ಟಾಪ್ ತಗೊಂಡು, ಸಹಿ ಹಾಕಿಸಿಕೊಂಡು ಹೋದ. ಕಂಪನಿಯ ಬಗ್ಗೆ ಇಷ್ಟು ಸಾಕು. ಆ ವರ್ಷ ನಮ್ಮ ಫ್ಲೋರಿನಲ್ಲೇ ಇನ್ನೂ ಒಬ್ಬರದ್ದು ಇದೇ ಕತೆ. ಲಿಫ್ಟಿನಲ್ಲಿ ಬೆಳಗ್ಗೆ ಹನ್ನೊಂದು ಗಂಟೆಗೆ ಶಾರ್ಟ್ಸ್ ಹಾಕಿಕೊಂಡು ಇಬ್ಬರೂ ಎದುರಾದರೆ ಹವಾಮಾನದ ಬಗ್ಗೆ ಮಾತಾಡ್ತಿದ್ದೆವು.

ನನ್ನ ಹೆಂಡತಿ ಮಂಡ್ಯದವಳು. ಕೆಲಸ ಅವಳದ್ದೂ ಇದೇ ಊರಲ್ಲಿ, ಆದರೆ ಸಂಬಳ ನನ್ನದರ ಅರ್ಧಕ್ಕಿಂತ ಚೂರು ಜಾಸ್ತಿ. ಅವತ್ತು ರಾತ್ರಿ ಮಗಳು ಮಲಗಿದ ಮೇಲೆ ಅವಳು ಒಂದು ಎಕ್ಸೆಲ್ ಶೀಟ್ ತೆಗೆದು ಕೂತಳು. ಬಾಡಿಗೆ 31,000. ಸ್ಕೂಲ್ ಫೀಸಿನ ಕಂತು ಜೂನ್‌ಗೆ. ವ್ಯಾನು. ಅಪ್ಪನ ಮೊಣಕಾಲಿನ ಆಪರೇಷನ್ನಿಗೆ ಮಾಡಿದ್ದ ಪರ್ಸನಲ್ ಲೋನು. ಎಲ್ಲ ಬರೆದಾದ ಮೇಲೆ ಕೊನೆಯ ಸಾಲು ದಪ್ಪ ಅಕ್ಷರದಲ್ಲಿ: ಮನೆಯಲ್ಲಿ ಇರೋದು ಮುಗಿಯೋವರೆಗೂ ಹೊಸದು ಏನೂ ಆರ್ಡರ್ ಮಾಡೋ ಹಾಗಿಲ್ಲ, ಹಾಲು ತರಕಾರಿ ಮೊಟ್ಟೆ ಬಿಟ್ಟು. "ನೋಡಪ್ಪ, ಹತ್ತು ನಿಮಿಷಕ್ಕೆ ತಂದುಕೊಡೋ ಆ್ಯಪುಗಳನ್ನೆಲ್ಲ ತೆಗೆದುಹಾಕು ಮೊದಲು" ಅಂದಳು. ತೆಗೆದೆ.

ಒಂದು ಕುತೂಹಲದ ಸಂಗತಿ ಹೇಳ್ತೇನೆ. ಮೂರು ಜನರ ಮನೆ ಇಪ್ಪತ್ತೆರಡು ದಿನ ಅಂಗಡಿಗೆ ಹೋಗದೆ ನಡೆಯಿತು. ಓಟ್ಸು ಉಪ್ಪಿಟ್ಟಾಯಿತು, ದೋಸೆಯಾಯಿತು. ಮೂರು ನಮೂನೆ ಬೇಳೆಯ ತಳ ಸೇರಿ ಅಡೆ ಆಯಿತು. ಪಾಸ್ತಾಕ್ಕೆ ಹುಳಿಪುಡಿ ಹಾಕಿದ್ದನ್ನು ಮಗಳು ಎರಡು ಸಲ ಕೇಳಿ ಹಾಕಿಸಿಕೊಂಡಳು, ನಾನು ಒಂದೇ ಸಲ. ಹೀಗೆ ಖಾರದ್ದೆಲ್ಲ ಖಾಲಿಯಾಗುತ್ತಾ ಬಂದ ಮೇಲೆ ಕಪಾಟಿನಲ್ಲಿ ಉಳಿದದ್ದು ಊಟವೂ ಆಗದ ತಿಂಡಿಯೂ ಆಗದ ಸಾಮಾನು. ಮೈದಾ ಕಾಲು ಕಪ್ಪು. ಬೆಲ್ಲದ ಪುಡಿ, ತೇವ ಎಳೆದುಕೊಂಡು ಗಟ್ಟಿ ಉಂಡೆಯಾದದ್ದು. ಫ್ರಿಜ್ಜಿನಲ್ಲಿ 80 ಗ್ರಾಂ ಬೆಣ್ಣೆ. ಗೋಡಂಬಿ ಚೂರು. ಮತ್ತೆ ಕೋಕೋ ಪುಡಿಯ ಒಂದು ಡಬ್ಬಿ, ಅರ್ಧಕ್ಕಿಂತ ಕಡಿಮೆ.

ಮಗಳಿಗೆ ಆಗ ಆರು ವರ್ಷ. ತಿಂಗಳಿಗೊಮ್ಮೆ ನಮ್ಮ ರಸ್ತೆಯ ಕೊನೆಯ ಕೆಫೆಯಲ್ಲಿ ಹೊಗೆಯಾಡೋ ತಟ್ಟೆಯಲ್ಲಿ ಐಸ್‌ಕ್ರೀಮ್ ಸಮೇತ ಬರೋ ಬ್ರೌನಿ ತಿನ್ನೋದು ಅವಳ ಪದ್ಧತಿ. ಒಂದಕ್ಕೆ 260 ರೂಪಾಯಿ. ಬೇಡ ಅಂತ ಹೇಳೋದೇನು ಕಷ್ಟವಲ್ಲ. ಯಾಕೆ ಬೇಡ ಅಂತ ಆರು ವರ್ಷದವಳಿಗೆ ವಿವರಿಸೋದು ಕಷ್ಟ. ಯಾಕಂದ್ರೆ ಅವಳು ಅದನ್ನ ಮಾರನೇ ದಿನ ವ್ಯಾನಿನಲ್ಲಿ ಎಲ್ಲರಿಗೂ ವಿವರಿಸ್ತಾಳೆ.

ಮನೆಯಲ್ಲೇ ಬ್ರೌನಿ ಮಾಡೋದು ಅಂತ ತೀರ್ಮಾನ ಆಯ್ತು. ಅಷ್ಟರಲ್ಲಿ, ಮೇ ಮಧ್ಯದಲ್ಲಿ, ಅಮ್ಮ ಊರಿಂದ ಬಂದಳು.

ಅಪ್ಪ ಬರೋ ಹಾಗಿರಲಿಲ್ಲ, ದನ ಬಿಟ್ಟು ಇಬ್ಬರೂ ಹೊರಡೋಕಾಗಲ್ಲ. ಅಮ್ಮ ಒಬ್ಬಳೇ ಪುತ್ತೂರಿನಿಂದ ರಾತ್ರಿ ಬಸ್ ಹತ್ತಿ, ಎರಡು ಗೋಣಿಚೀಲದಷ್ಟು ಸಾಮಾನಿನ ಜೊತೆ ಬೆಳಗಿನ ಜಾವ ಇಳಿದಳು. ಹಲಸಿನ ಹಪ್ಪಳ, ತೆಂಗಿನಕಾಯಿ, ಮಿಲ್ಲಿನಲ್ಲಿ ಆಡಿಸಿದ ತೆಂಗಿನೆಣ್ಣೆ, ಕುಚ್ಚಲಕ್ಕಿ. ಕೆಲಸ ಹೋದದ್ದು ಫೋನಿನಲ್ಲಿ ಹೇಳಿದ್ದೆ. ಬಂದವಳು ಅದರ ಬಗ್ಗೆ ಎರಡು ದಿನ ಏನೂ ಕೇಳಲಿಲ್ಲ. ಮೂರನೇ ದಿನ ಬಟ್ಟೆ ಮಡಚುತ್ತಾ ಕೇಳಿದಳು. ಅಮ್ಮ ಮಾತಾಡೋದು ತುಳುವಿನಲ್ಲಿ, ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ಇಳಿಸ್ತಿದ್ದೇನೆ.

"ತೆಗೆದದ್ದು ನಿನ್ನನ್ನು ಮಾತ್ರವಾ ಮಗಾ?"

"ಇಲ್ಲ. ಇನ್ನೂರು ಚಿಲ್ಲರೆ ಜನ."

"ಓ. ರೇಟು ಬಿದ್ದದ್ದು."

ಅಷ್ಟೇ. ಮತ್ತೆ ಬಟ್ಟೆ ಮಡಚಿದಳು. ಆ ಒಂದು ತಿಂಗಳಿನಲ್ಲಿ ನನಗೆ ಸಿಕ್ಕ ಸಮಾಧಾನಗಳಲ್ಲಿ, ಲಿಂಕ್ಡ್‌ಇನ್ನಿನ ಉದ್ದುದ್ದ ಪೋಸ್ಟುಗಳನ್ನೂ ಸೇರಿಸಿ, ಇಷ್ಟು ಸರಿಯಾಗಿ ಅಳತೆಗೆ ಕೂತದ್ದು ಬೇರೆ ಇಲ್ಲ.

ಕೋಕೋ ಡಬ್ಬಿ ತೆಗೆದಾಗ ಅಮ್ಮ ಪಕ್ಕದಲ್ಲೇ ತೆಂಗಿನಕಾಯಿ ತುರೀತಿದ್ದಳು.

"ಇದೆಂತ ಕಪ್ಪು ಹುಡಿ?"

"ಕೊಕ್ಕೋ ಅಮ್ಮ. ನಮ್ಮ ತೋಟದ್ದೇ ಕೊಕ್ಕೋ, ಹುಡಿ ಮಾಡಿದ್ದು."

ಡಬ್ಬಿ ಮೂಗಿನ ಹತ್ತಿರ ಹಿಡಿದು ನೋಡಿದಳು. "ನಮ್ಮದು ಇಷ್ಟು ಕಪ್ಪು ಎಲ್ಲಿ ಉಂಟು?"

ನಮ್ಮೂರು ಪುತ್ತೂರಿನಿಂದ ಒಳಗೆ ಹದಿನಾಲ್ಕು ಕಿಲೋಮೀಟರು. ಎರಡೂವರೆ ಎಕರೆ ಅಡಿಕೆ ತೋಟ, ನಡುನಡುವೆ ಕೊಕ್ಕೋ. ಬೆಂಗಳೂರಿನವರು ಕೋಕೋ ಅಂತ ಮೃದುವಾಗಿ ಹೇಳೋದನ್ನ ನಮ್ಮ ಕಡೆ ಒತ್ತು ಕೊಟ್ಟು ಕೊಕ್ಕೋ ಅನ್ನೋದು. ಅಡಿಕೆ ಮರದ ನೆರಳಲ್ಲಿ ಬದುಕುವ ಗಿಡ. ಕಾಯಿ ಕೊಂಬೆ ತುದಿಯಲ್ಲಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡ್ತದೆ. ಹಣ್ಣಾದಾಗ ಹಳದಿ. ಕತ್ತಿ ಹಾಕಿದರೆ ಬೀಜಕ್ಕೆ ಗಾಯ ಆಗ್ತದೆ ಅಂತ ಕಲ್ಲಿಗೋ ಮರದ ತುಂಡಿಗೋ ಕುಟ್ಟಿ ಒಡೆಯೋದು. ಒಳಗೆ ಮೂವತ್ತು ನಲವತ್ತು ಬೀಜ, ಬಿಳೀ ಲೋಳೆ ಸುತ್ತಿಕೊಂಡು. ಆ ಲೋಳೆ ಇದೆಯಲ್ಲ, ಸಿಹಿ ಹುಳಿ ಎರಡೂ ಸೇರಿದ್ದು, ಶಾಲೆಯಿಂದ ಬರುವಾಗ ನಮ್ಮ ಸಂಜೆಯ ತಿಂಡಿ ಅದೇ. ಚೀಪಿ ಬೀಜವನ್ನ ಬುಟ್ಟಿಗೆ ಉಗಿಯಬೇಕು, ಎಸೆದರೆ ಬೈಗುಳ. ಬೀಜ ಕಚ್ಚಿದರೆ ಒಳಗೆ ನೇರಳೆ ಬಣ್ಣ, ಬಾಯೆಲ್ಲ ಕಹಿ. ಚಾಕ್ಲೇಟಿನ ವಾಸನೆ ಅದರಲ್ಲಿ ಒಂದು ಚೂರೂ ಇಲ್ಲ.

ಆ ವಾಸನೆ ಬರಬೇಕಾದರೆ ಲೋಳೆ ಸಮೇತ ಬೀಜ ರಾಶಿ ಹಾಕಿ, ಬಾಳೆಎಲೆ ಮುಚ್ಚಿ, ನಡುನಡುವೆ ಮಗುಚುತ್ತಾ ಐದಾರು ದಿನ ಹುಳಿ ಬರಿಸಬೇಕು. ಆ ಹೊತ್ತಿಗೆ ರಾಶಿಯೊಳಗೆ ಕೈ ಹಾಕಿದರೆ ಬಿಸಿ ತಾಗ್ತದೆ. ಆಮೇಲೆ ಬಿಸಿಲಿಗೆ ಒಣಗಿಸೋದು. ಆಮೇಲೆ ಫ್ಯಾಕ್ಟರಿಯಲ್ಲಿ ಹುರಿಯೋದು. ಹೆಚ್ಚುಕಮ್ಮಿ ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣಗಿದ್ದು ಸಿಗ್ತದೆ. ಇಷ್ಟೆಲ್ಲ ರಗಳೆ ಯಾರಿಗೆ ಬೇಕು ಅಂತ ಬಹಳ ಮನೆಯವರು ಹಸಿ ಬೀಜವನ್ನೇ ಮಾರಿಬಿಡ್ತಾರೆ. ನಮ್ಮಲ್ಲೂ ಹಾಗೇ.

ನನಗಿಂತ ಮುಂಚಿನ ಕತೆ ಒಂದುಂಟು. 1970ರ ದಶಕದಲ್ಲಿ ಅಡಿಕೆ ತೋಟಕ್ಕೆ ಉಪಬೆಳೆ ಅಂತ ಕೊಕ್ಕೋ ನಮ್ಮ ಕಡೆ ಹಬ್ಬಿತು. 80ರ ಹೊತ್ತಿಗೆ ರೇಟು ಬಿದ್ದು, ಕೊಳ್ಳುವವರು ಹಿಂದೆ ಸರಿದು, ಬೀಜ ಹಿಡಿದುಕೊಂಡು ಜನ ಕಂಗಾಲಾದದ್ದನ್ನು ಅಜ್ಜ ಹೇಳ್ತಿದ್ದರು. ಆಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ, ಅದು 1973ರಲ್ಲಿ ಶುರುವಾದದ್ದು, ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕ್ಲೇಟ್ ಫ್ಯಾಕ್ಟರಿ ಹಾಕಿತು. ಹಾಗಾಗಿ ಚಾಕ್ಲೇಟು ಎಲ್ಲಿಂದ ಬರ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಇಷ್ಟೆಲ್ಲ ಇದ್ದೂ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಯಾವತ್ತೂ ಒಂದು ಚಮಚ ಕೋಕೋ ಪುಡಿ ಇದ್ದದ್ದಿಲ್ಲ. ಬೀಜ ಹೊರಗೆ ಹೋಗ್ತಿತ್ತು, ದುಡ್ಡು ಒಳಗೆ ಬರ್ತಿತ್ತು, ಅಷ್ಟೇ ಸಂಬಂಧ.

ಆ ದುಡ್ಡು ಅಮ್ಮನದ್ದು. ಅಡಿಕೆಯದ್ದು ಅಪ್ಪನ ಲೆಕ್ಕ, ವರ್ಷಕ್ಕೊಮ್ಮೆ ದೊಡ್ಡದಾಗಿ ಬಂದು ಸೊಸೈಟಿ ಸಾಲಕ್ಕೆ ದೊಡ್ಡದಾಗಿ ಹೋಗುವಂಥದ್ದು. ಕೊಕ್ಕೋದ್ದು ವಾರವಾರದ ಚಿಲ್ಲರೆ. ಕೊಯ್ಯೋದು, ಒಡೆಯೋದು, ಬಕೆಟಿಗೆ ತುಂಬಿ ರಸ್ತೆ ಬದಿಯ ಅಂಗಡಿಗೆ ಮುಟ್ಟಿಸೋದು ಎಲ್ಲ ಅವಳೇ. ನಾನು ಬಿಇ ಓದುವಾಗ ಹಾಸ್ಟೆಲಿನ ಮೆಸ್ ಬಿಲ್ಲು ಎಂಟು ಸೆಮಿಸ್ಟರು ಅದರಲ್ಲೇ ನಡೆಯಿತು. ಮುಂದೆ ರೇಟು ಮತ್ತೆ ಸಪ್ಪೆಯಾದಾಗ ಅಪ್ಪ ಮರ ಕಡಿಸಲು ಹೊರಟರು. ಅವರ ಮಾತಿನಲ್ಲೂ ಹುರುಳಿತ್ತು. ಅಡಿಕೆಗೆ ಹಾಕಿದ ಗೊಬ್ಬರದಲ್ಲಿ ಇದು ಪಾಲು ಕೇಳ್ತದೆ, ಮಂಗ ಅಳಿಲು ಕರೆಸಿಕೊಳ್ತದೆ, ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೀತದೆ. ಅಡಿಕೆಯ ಕೊಳೆರೋಗವೂ ಇದೂ ಒಂದೇ ಕುಲದ ರೋಗಾಣುವಿನ ಕೆಲಸ. ಅರ್ಧ ತೋಟದ್ದು ಕಡಿದಾಯ್ತು. ತೋಡಿನ ಬದಿಯ ನಲವತ್ತು ಮರದ ಹತ್ತಿರ ಬಂದಾಗ ಅಮ್ಮ ಅಡ್ಡ ನಿಂತಳು. "ಇದು ಇರ್ಲಿ. ನಿಮ್ಮ ಅಡಿಕೆ ನಿಮಗೆ" ಅಂದದ್ದು ನನಗೆ ಚೆನ್ನಾಗಿ ನೆನಪುಂಟು.

ಇನ್ನು ಡಬ್ಬಿಯ ಕಪ್ಪಿನ ವಿಷಯ. ಹುರಿದ ಕೋಕೋ ಅರೆದರೆ ಎಣ್ಣೆ ಬಿಟ್ಟು ಮುದ್ದೆಯಾಗ್ತದೆ, ಅರ್ಧದಷ್ಟು ಬರೀ ಕೊಬ್ಬು. 1828ರಲ್ಲಿ ನೆದರ್ಲೆಂಡಿನ ವ್ಯಾನ್ ಹೌಟನ್ ಮನೆತನದವರು ಆ ಕೊಬ್ಬನ್ನು ಒತ್ತಿ ಹಿಂಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಹಿಂಡಿ ಉಳಿದ ಹಿಂಡಿಯೇ ಪುಡಿ. ಅದಕ್ಕೆ ಕ್ಷಾರ ಸೇರಿಸಿ ಹುಳಿ ಮುರಿಯುವುದನ್ನೂ ಅವರೇ ರೂಢಿಗೆ ತಂದರು. ಕ್ಷಾರ ತಾಗಿದರೆ ಬಣ್ಣ ಗಾಢ ಆಗ್ತದೆ, ರುಚಿ ಮೆತ್ತಗಾಗ್ತದೆ. ಡಬ್ಬಿ ಮೇಲೆ "ಡಚ್ ಪ್ರೊಸೆಸ್ಡ್" ಅಂತಲೋ "ಆಲ್ಕಲೈಸ್ಡ್" ಅಂತಲೋ ಇದ್ದರೆ ಅದೇ. ಅಮ್ಮನಿಗೆ ಇಷ್ಟು ಹೇಳಿದೆ. ಅವಳಿಗೆ ಆಸಕ್ತಿ ಇದ್ದದ್ದು ಬೇರೆ ಕಡೆ.

"ಎಷ್ಟು ಇದಕ್ಕೆ?"

"225 ಗ್ರಾಮಿಗೆ 340."

ಬಾಯಲ್ಲೇ ಲೆಕ್ಕ ಹಾಕಿದಳು. ತುರಿಯೋದು ನಿಲ್ಲಿಸಿದಳು. "ಕಿಲೋಗೆ ಸಾವಿರದೈನೂರು! ಲೋಳೆ ನಮಗೆ, ಹುಡಿ ಅವರಿಗೆ."

ಬ್ರೌನಿಯ ಬಗ್ಗೆ ನಿಮಗೊಂದು ಧೈರ್ಯ ಹೇಳ್ತೇನೆ. ಕೇಕು ಅಂದ್ರೆ ರಸಾಯನಶಾಸ್ತ್ರ, ಒಂದು ಗ್ರಾಂ ಆಚೀಚೆ ಆದ್ರೆ ಮುನಿಸಿಕೊಳ್ತದೆ. ಬ್ರೌನಿ ಹಾಗಲ್ಲ. ಅದು ಉಬ್ಬಬೇಕಾಗಿಯೇ ಇಲ್ಲ. ಉಬ್ಬದ ಕೇಕೇ ಬ್ರೌನಿ ಅಂದರೂ ನಡೀತದೆ. ಅದರ ಹುಟ್ಟಿಗೂ ಒಂದಲ್ಲ ಎರಡು ಕತೆ. ಒಂದು, 1893ರ ಷಿಕಾಗೋ ವಿಶ್ವ ಮೇಳಕ್ಕೆ ಬರುವ ಹೆಂಗಸರ ಊಟದ ಡಬ್ಬಿಗೆ ಹಾಕೋಕೆ ಕೇಕಿಗಿಂತ ಚಿಕ್ಕದು ಏನಾದರೂ ಮಾಡಿ ಅಂತ ಬರ್ತಾ ಪಾಮರ್ ಎಂಬಾಕೆ ಕೇಳಿ, ಪಾಮರ್ ಹೌಸ್ ಹೋಟೆಲಿನ ಅಡುಗೆಯವರು ಮಾಡಿಕೊಟ್ಟರು ಅನ್ನೋದು. ಆ ಹೋಟೆಲಿನವರು ಈಗಲೂ ಇದನ್ನೇ ಹೇಳ್ತಾರೆ. ಇನ್ನೊಂದು ಅಚ್ಚಿನಲ್ಲಿರೋದು. ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಬರೆದ ಅಡುಗೆ ಪುಸ್ತಕದ 1896ರ ಮುದ್ರಣದಲ್ಲಿ ಬ್ರೌನಿ ಅಂತ ಒಂದು ತಿಂಡಿ ಉಂಟು, ಆದರೆ ಅದರಲ್ಲಿ ಚಾಕ್ಲೇಟೇ ಇಲ್ಲ, ಕಾಕಂಬಿ ಉಂಟು. ಕಾಕಂಬಿ ಅಂದ್ರೆ ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕ. ಚಾಕ್ಲೇಟು ಹಾಕಿದ್ದು ಆಕೆಯದೇ 1906ರ ಮುದ್ರಣದಲ್ಲಿ ಕಾಣಿಸ್ತದೆ. ಹಾಗಾಗಿ ಬ್ರೌನಿಗೆ ಬೆಲ್ಲ ಹಾಕಿದರೆ ಅಪಚಾರ ಅಂತ ಯಾರಾದ್ರೂ ಮೂಗು ಮುರಿದರೆ ನೀವು ಇಸವಿ ಸಮೇತ ಉತ್ತರ ಕೊಡಬಹುದು.

ಮೊದಲು ಹಳೇ ಸಾಮಾನಿನ ಪರೀಕ್ಷೆ. "ಬೆಸ್ಟ್ ಬಿಫೋರ್" ಅಂದ್ರೆ ಆ ದಿನದ ತನಕ ರುಚಿ ಗುಣ ಚೆನ್ನಾಗಿರ್ತದೆ ಅಂತ, "ಯೂಸ್ ಬೈ" ಅಂದ್ರೆ ಆಮೇಲೆ ತಿನ್ನಬೇಡಿ ಅಂತ. ಎರಡೂ ಬೇರೆ. ನಮ್ಮ ಕೋಕೋದ ಬೆಸ್ಟ್ ಬಿಫೋರ್ ಮುಗಿದು ಐದು ತಿಂಗಳಾಗಿತ್ತು. ಒಣಗಿದ್ದ ಪುಡಿ, ವಾಸನೆ ಸರಿ ಇತ್ತು, ಇಟ್ಟುಕೊಂಡೆವು. ಗೋಡಂಬಿಯನ್ನ ಮಾತ್ರ ಬಾಯಿಗೆ ಹಾಕಿಯೇ ನೋಡಬೇಕು, ಕಮಟು ವಾಸನೆ ಬಂದರೆ ಇಡೀ ಬ್ರೌನಿ ಹಾಳು. ಅರ್ಧದಷ್ಟು ಕಮಟಿತ್ತು, ಅಮ್ಮ ಒಂದೊಂದನ್ನೇ ಮೂಸಿ ಬೇರ್ಪಡಿಸಿದಳು. ಮೈದಾ ಜರಡಿ ಹಿಡಿದೆ, ಹುಳ ಇರಲಿಲ್ಲ. ಬೇಕಿಂಗ್ ಪೌಡರಿನ ಡಬ್ಬಿ ಸತ್ತಿತ್ತು. ಬಿಸಿನೀರಿಗೆ ಹಾಕಿದರೆ ಒಂದು ಗುಳ್ಳೆ ಏಳಲಿಲ್ಲ. ಬ್ರೌನಿಗೆ ಅದರ ಹಂಗಿಲ್ಲ. ಸೋಡಾ ಬೇಡದ ಮೇಲೆ ಕೋಕೋ ಕ್ಷಾರ ತಾಗಿದ್ದೋ ತಾಗದ್ದೋ ಅಂತಲೂ ತಲೆಕೆಡಿಸಿಕೊಳ್ಳಬೇಕಿಲ್ಲ.

ಮೈದಾ ಕಾಲು ಕಪ್ಪೇ ಇದ್ದದ್ದು, ಬೇಕಾದ್ದು ಅರ್ಧ. ಉಳಿದ ಕಾಲಿಗೆ ರಾಗಿ ಹಿಟ್ಟು. ಮಂಡ್ಯದ ಅಳಿಯನ ಮನೆಯಲ್ಲಿ ಏನು ಖಾಲಿಯಾದರೂ ರಾಗಿ ಖಾಲಿಯಾಗಲ್ಲ. ರಾಗಿಯಲ್ಲಿ ಗ್ಲೂಟನ್ ಇಲ್ಲ, ಬ್ರೆಡ್ಡಿಗೆ ಅದು ಕೊರತೆ, ಬ್ರೌನಿಗಲ್ಲ. ಇಲ್ಲಿ ಹಿಟ್ಟಿನ ಕೆಲಸ ಬರೀ ಬೆಣ್ಣೆ ಸಕ್ಕರೆ ಮೊಟ್ಟೆಯನ್ನ ಹಿಡಿದು ನಿಲ್ಲಿಸೋದು. ಹಿಟ್ಟು ಕಡಿಮೆ ಜಿಡ್ಡು ಜಾಸ್ತಿ ಆದಷ್ಟೂ ಬ್ರೌನಿ ಮೆತ್ತಗೆ, ಹಿಟ್ಟು ಜಾಸ್ತಿಯಾದರೆ ಅದು ಕೇಕಿನ ಕಡೆ ವಾಲ್ತದೆ. ಬಣ್ಣವೂ ಬೈಯೋದಿಲ್ಲ, ಎರಡೂ ಕಪ್ಪೇ.

80 ಗ್ರಾಂ ಬೆಣ್ಣೆಗೆ ಅಮ್ಮ ತಂದ ತೆಂಗಿನೆಣ್ಣೆ ಎರಡು ದೊಡ್ಡ ಚಮಚ ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿದೆ. ಉರಿ ಆರಿಸಿ, ಅದು ಬಿಸಿ ಇರುವಾಗಲೇ ಅರ್ಧ ಕಪ್ ಕೋಕೋ ಹಾಕಿ ಕಲಸೋದು. ಈ ಹೆಜ್ಜೆ ಬಿಡಬೇಡಿ, ಬಿಸಿ ಜಿಡ್ಡು ತಾಗಿದರೇನೇ ಆ ಪುಡಿ ಬಾಯಿ ಬಿಡೋದು. ಬೆಳಗಿನ ಫಿಲ್ಟರಿನಲ್ಲಿ ಉಳಿದಿದ್ದ ಡಿಕಾಕ್ಷನ್ ಎರಡು ಚಮಚ. ಕಾಫಿಯ ರುಚಿ ಬರೋದಿಲ್ಲ, ಚಾಕ್ಲೇಟಿನದ್ದು ಏರ್ತದೆ. ಸಕ್ಕರೆ ಮುಕ್ಕಾಲು ಕಪ್ಪಿಗೆ ಚೂರು ಕಮ್ಮಿ, ಅದಕ್ಕೆ ಪುಡಿಗುಟ್ಟಿದ ಬೆಲ್ಲ ನಾಲ್ಕು ಚಮಚ. ಬರೀ ಬೆಲ್ಲದಲ್ಲಿ ಮಾಡಿದರೆ ಬ್ರೌನಿಯ ಮೇಲೆ ಕಾಗದದಂಥ ಹೊಳೆಯುವ ಸಿಪ್ಪೆ ಬರೋದಿಲ್ಲ. ಆ ಸಿಪ್ಪೆ ಬರೋದು ಸಕ್ಕರೆ ಮೊಟ್ಟೆಯಲ್ಲಿ ಚೆನ್ನಾಗಿ ಕರಗಿದಾಗ. ಹಾಗಾಗಿ ಎರಡು ಮೊಟ್ಟೆಗೆ ಸಕ್ಕರೆ ಹಾಕಿ ನಾಲ್ಕು ನಿಮಿಷ ಬಿಡದೆ ಕಡೆದೆ. ಸರ್ವರ್ ಡೌನ್ ಆದಾಗಲೂ ನನ್ನ ಕೈ ಅಷ್ಟು ನೋವಾಗಿರಲಿಲ್ಲ. ಕೊನೆಗೆ ಎಲ್ಲ ಸೇರಿಸಿ, ಹಿಟ್ಟು ಹಾಕಿದ ಮೇಲೆ ಮಾತ್ರ ಕೈ ಹಗುರ ಮಾಡಿ, ಚಿಟಿಕೆ ಉಪ್ಪು, ಗೋಡಂಬಿ. ರಾಗಿ ಇರೋದರಿಂದ ಕಾಲು ಗಂಟೆ ಹಾಗೇ ಬಿಡಬೇಕು. ಇಲ್ಲದಿದ್ರೆ ಹಲ್ಲಿಗೆ ಮರಳು ಸಿಕ್ಕ ಹಾಗಾಗ್ತದೆ.

ಈರುಳ್ಳಿ ಬುಟ್ಟಿ ಕೆಳಗಿಳಿಸಿ, ಬಾಣಲೆಗಳನ್ನು ಹೊರಗೆ ತೆಗೆದು, ಓಟಿಜಿ ಹಚ್ಚಿದೆ. 170 ಡಿಗ್ರಿ, ಹತ್ತು ನಿಮಿಷ ಮುಂಚೆಯೇ ಕಾಯಿಸಿ. ಏಳಿಂಚಿನ ಚೌಕದ ಟ್ರೇ. ಇಪ್ಪತ್ತೆರಡನೇ ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿದೆ. ಕೇಕಿಗಾದರೆ ಕಡ್ಡಿ ಒಣಗಿ ಬರಬೇಕು. ಬ್ರೌನಿಗೆ ಒದ್ದೆ ಚೂರು ಅಂಟಿಕೊಂಡಿರಬೇಕು, ಹಸಿ ಹಿಟ್ಟು ಹರೀಬಾರದು. ಒಣಗಿ ಬಂದರೆ ತಡವಾಯಿತು ಅಂತಲೇ ಲೆಕ್ಕ.

ವಾಸನೆ ಹಾಲಿನ ತನಕ ಬಂದಾಗ ಅಮ್ಮ ಎದ್ದು ಬಂದು ಓಟಿಜಿಯ ಗಾಜಿನ ಎದುರು ಕುಕ್ಕರುಗಾಲಲ್ಲಿ ಕೂತಳು. ಮೊಮ್ಮಗಳೂ ಪಕ್ಕದಲ್ಲಿ. "ಫ್ಯಾಕ್ಟರಿ ಬದಿಯಲ್ಲಿ ಬಸ್ಸು ಹೋಗುವಾಗ ಬರುವ ವಾಸನೆ" ಅಂದಳು. ಆಮೇಲೆ ಕೇಳಿದಳು, "ಈ ಹುಡಿ ನಮ್ಮ ಊರಿನ ಬೀಜದ್ದೇ ಇರಬಹುದಾ?"

ಹೇಳೋಕಾಗಲ್ಲ, ಭಾರತದಲ್ಲಿ ಬಳಕೆಯಾಗೋ ಕೋಕೋದಲ್ಲಿ ಬಹಳಷ್ಟು ಹೊರಗಿನದ್ದು ಅಂದೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯೋದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶ. ಅಲ್ಲಿ ಮಳೆ ತಪ್ಪಿ, ಮರಕ್ಕೆ ರೋಗ ತಗುಲಿ, ಬೆಳೆ ಕೈಕೊಟ್ಟಿತ್ತು. 2024ರ ಮಾರ್ಚ್ ಕೊನೆಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಹಾಗೆ ಏರಿದ್ದರ ಅಲೆ ನಮ್ಮೂರ ರಸ್ತೆ ಬದಿಯ ಅಂಗಡಿಗೂ ಬಂದು ತಲುಪಿ ಹಸಿ ಬೀಜಕ್ಕೆ ಕಿಲೋಗೆ 300 ರೂಪಾಯಿಯ ಹತ್ತಿರ ಸಿಗ್ತಿತ್ತು. ನನ್ನ ಕೆಲಸ ಹೋದ ತಿಂಗಳಿನಲ್ಲೇ. ಕೊಕ್ಕೋ ಕಡಿದವರೆಲ್ಲ ಆ ಬೇಸಿಗೆಯಲ್ಲಿ ಗಿಡ ಹುಡುಕ್ತಿದ್ದರಂತೆ.

ಅಮ್ಮ ಗಾಜಿನೊಳಗೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ಅವರದ್ದು ಹೋದದ್ದಕ್ಕೆ ನಮಗೆ ಬಂದದ್ದಾ?"

"ಹೌದು."

"ಛೆ" ಅಂದಳು.

ಬ್ರೌನಿ ಬಿಸಿ ಇರುವಾಗ ಕತ್ತರಿಸಬಾರದು, ಕುಸಿದು ಹೋಗ್ತದೆ. ಒಂದು ಗಂಟೆ ಕಾಯಿಸೋದು ಮಗಳನ್ನ ಹಿಡಿದು ನಿಲ್ಲಿಸೋ ಕೆಲಸ. ಕೊನೆಗೆ ಹದಿನಾರು ತುಂಡು ಬಂತು. ಮೇಲೆ ಸಿಪ್ಪೆ ಪೂರ್ತಿ ಹೊಳೀಲಿಲ್ಲ, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಒಳಗೆ ಮೆತ್ತಗೆ, ತೆಂಗಿನೆಣ್ಣೆಯ ಸಣ್ಣ ಘಮ. ಮಗಳು ಒಂದು ತುಂಡು ಮುಗಿಸಿ, "ಹೊಗೆ ಬರಲ್ವಾ ಇದಕ್ಕೆ?" ಅಂದಳು, ಇನ್ನೊಂದು ತಗೊಂಡಳು. ಹೆಂಡತಿ ಆಫೀಸಿಂದ ಬಂದವಳು ನಿಂತಲ್ಲೇ ಎರಡು ತಿಂದಳು. ಅಮ್ಮ ಒಂದು ಮೂಲೆ ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ರುಚಿಯನ್ನ ಎಲ್ಲೋ ಹುಡುಕಿದಳು.

"ಇದು ರಾಗಿ ಮಣ್ಣಿಯೇ ಅಲ್ವನಾ! ಕಪ್ಪು ಜಾಸ್ತಿ, ಅಷ್ಟೇ."

ಮಣ್ಣಿ ಅಂದ್ರೆ ನಮ್ಮ ಕಡೆ ರಾಗಿಯ ಹಾಲು ತೆಗೆದು ಬೆಲ್ಲ, ತೆಂಗಿನಹಾಲು ಹಾಕಿ ಕಾಸಿ, ತಟ್ಟೆಗೆ ಹೊಯ್ದು ತುಂಡು ಮಾಡುವ ಸಿಹಿ. ಸರಿಯೇ, ಸಾಮಾನಿನ ಪಟ್ಟಿ ಮುಕ್ಕಾಲು ಅದೇ. ಮಂಡ್ಯದವಳು ಇದಕ್ಕೆ ತನ್ನೂರಿನ ರಾಗಿ ಕಾರಣ ಅಂದಳು. ಅತ್ತೆ ಸೊಸೆ ನಡುವೆ ಅದರ ಬಗ್ಗೆ ಅರ್ಧ ಗಂಟೆ ಚರ್ಚೆಯಾಯಿತು. ನನಗೆ ಅದರಲ್ಲಿ ಪಾತ್ರ ಇರಲಿಲ್ಲ, ಪಾತ್ರೆ ತೊಳೆದೆ.

ತೊಳೀತಾ ಇರುವಾಗ ಹಿಂದೆ ಅಮ್ಮ ಕೋಣೆಗೆ ಹೋಗಿ ಬಂದದ್ದು ಗೊತ್ತಾಯ್ತು. ಪ್ಲಾಸ್ಟಿಕ್ ಕವರಿನೊಳಗೆ ಕರವಸ್ತ್ರ, ಕರವಸ್ತ್ರದೊಳಗೆ ನೋಟು. ಅದನ್ನ ಸೊಸೆಯ ಕೈಗೆ ಕೊಟ್ಟಳು.

"ಇಪ್ಪತ್ತೊಂದೂವರೆ ಉಂಟು. ನಿನ್ನ ಕೈಯಲ್ಲಿರ್ಲಿ. ಅವನಿಗೆ ಕೊಟ್ರೆ ಬೇಡ ಅಂತ ಹೇಳ್ತಾನೆ."

"ಅತ್ತೆ, ಇದು ನಿಮ್ದು..."

"ಕೊಕ್ಕೋದ್ದು. ಕೊಕ್ಕೋದ್ದು ಯಾವಾಗ್ಲೂ ಇದಕ್ಕೇ ಇರುವುದು."

ನಲವತ್ತು ಮರ. ಎರಡು ತಿಂಗಳ ಕೊಯ್ಲು. ಎಪ್ಪತ್ತು ಕಿಲೋದಷ್ಟು ಹಸಿ ಬೀಜ. ಆರವತ್ತೊಂದರ ಅಮ್ಮ ಕಲ್ಲಿಗೆ ಕುಟ್ಟಿ ಒಡೆದು, ಬಕೆಟಿನಲ್ಲಿ ಹೊತ್ತುಕೊಂಡು ರಸ್ತೆಗೆ ಮುಟ್ಟಿಸಿದ್ದು. ನಾನು ನಲ್ಲಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ, ತಿರುಗಿದ್ದರೆ ಬೇಡ ಅನ್ನಲೇಬೇಕಾಗ್ತಿತ್ತು. ಹೆಂಡತಿ ಅಂದು ರಾತ್ರಿ ಎಕ್ಸೆಲ್ ಶೀಟಿನಲ್ಲಿ ಹೊಸ ಸಾಲು ಹಾಕಿದಳು. ಆದಾಯದ ಕಡೆ, ನನ್ನ ಹೆಸರಿನ ಎದುರಿನ ಸೊನ್ನೆಯ ಕೆಳಗೆ: ಕೊಕ್ಕೋ 21,500. ಜೂನಿನ ಸ್ಕೂಲ್ ಫೀಸಿನ ಕಂತಿಗೆ ಅದು ಸೇರಿತು.

ಅಮ್ಮ ಇನ್ನೊಂದು ವಾರ ಇದ್ದು ಹೊರಟಳು, ಮಳೆಗೆ ಮುಂಚೆ ಮದ್ದು ಹೊಡೆಸಬೇಕು ಅಂತ. ಹೊರಡುವ ಹಿಂದಿನ ದಿನ ಡಬ್ಬಿಯ ಕೊನೆಯ ಕೋಕೋ ಕೆರೆದು ಇನ್ನೊಂದು ಟ್ರೇ ಮಾಡಿಸಿಕೊಂಡಳು. ಈ ಸಲ ಗೋಡಂಬಿ ಇಲ್ಲ, ಬದಲಿಗೆ ಹುರಿದ ತೆಂಗಿನತುರಿ, ಅದು ಅವಳದ್ದೇ ಐಡಿಯಾ. ನನಗೆ ಕೇಳಿದರೆ ಇದೇ ಮೊದಲಿನದಕ್ಕಿಂತ ಚೆನ್ನಾಗಿತ್ತು. ಸ್ಟೀಲ್ ಡಬ್ಬಿಗೆ ತುಂಬಿಸಿಕೊಂಡಳು. ಅಪ್ಪನಿಗೆ ಎರಡು, ನೆರೆಮನೆಗೆ ನಾಲ್ಕು, ಬೀಜ ತಗೊಳ್ಳುವ ಅಂಗಡಿಯವನಿಗೆ ಒಂದು.

ಕೆಲಸ ಸೆಪ್ಟೆಂಬರಿನಲ್ಲಿ ಸಿಕ್ಕಿತು, ಸಂಬಳ ಮೊದಲಿಗಿಂತ ಕಾಲುಭಾಗ ಕಡಿಮೆ. ಅದರ ಕತೆಯಲ್ಲಿ ರುಚಿಯಿಲ್ಲ, ಬಿಡಿ. ಊರು ಮುಟ್ಟಿದ ಮಾರನೇ ದಿನ ಅಮ್ಮ ಮಾಡಿದ ಫೋನು ಮಾತ್ರ ಹೇಳ್ತೇನೆ. ಅಂಗಡಿಯವನು ಇಪ್ಪತ್ತು ವರ್ಷದಿಂದ ಕೊಕ್ಕೋ ತೂಗ್ತಿರುವವನು, ಬ್ರೌನಿ ತಿಂದು ಇದರಲ್ಲಿ ಕೊಕ್ಕೋ ಎಷ್ಟು ಹಾಕಿದ್ದು ಅಂತ ಕೇಳಿದನಂತೆ. ಅರ್ಧ ಕಪ್ಪು ಅಂದೆ. ಅಪ್ಪ ಎರಡೂ ತುಂಡನ್ನು ಒಂದೇ ಸಲಕ್ಕೆ ತಿಂದು, ಏನೂ ಹೇಳದೆ ತೋಟಕ್ಕೆ ಹೋದರಂತೆ. ಸಂಜೆ ಬರುವಾಗ ನರ್ಸರಿಯಿಂದ ಆರು ಕೊಕ್ಕೋ ಗಿಡ ತಂದು ಬಾವಿಕಟ್ಟೆ ಹತ್ತಿರ ಇಟ್ಟಿದ್ದಾರೆ.

"ಎಲ್ಲಿ ನೆಡುವುದು ಅಂತ ನನ್ನ ಹತ್ರ ಕೇಳ್ತಾರೆ" ಅಂದಳು ಅಮ್ಮ. "ಮಳೆ ಬರ್ಲಿ, ಹೇಳ್ತೇನೆ ಅಂದಿದ್ದೇನೆ."